ಹೊಟ್ಟೆ, ತೊಡೆ, ತಲೆಬುರುಡೆ: ಅರಬ್ಬಿಯ ಕುಲದ ಪದಗಳು

ಇರಾಕಿನ ಒಂದು ಮನೆತನದ ವಂಶಾವಳಿ ಅನುವಾದಕ್ಕೆ ಬಂದಿತ್ತು. ಕಳಿಸಿದವರು ಮೊದಲೇ ಕಂಪ್ಯೂಟರಿಗೆ ಹಾಕಿ ನೋಡಿದ್ದರು. ‘ಇವರು ಇಂಥ ತೊಡೆಗೆ ಸೇರಿದವರು’ ಅಂತ ಬಂದು ಗಾಬರಿಯಾಗಿದ್ದರು. ಪೂರ್ತಿ ತಪ್ಪು ಅನ್ನೋಕೂ ಆಗಲ್ಲ. ಅರಬ್ಬಿಯಲ್ಲಿ ‘ಫಖಿದ್’ ಅಂದರೆ ತೊಡೆಯೇ, ಕುಲದ ಒಂದು ಕವಲಿಗೂ ಅದೇ ಹೆಸರು.

ಹಳೆಯ ಅರಬರು ಕುಲವನ್ನು ಒಂದು ಮೈ ಅಂತ ಕಂಡಿದ್ದರು. ‘ಬತ್ನ್’ ಅಂದರೆ ಹೊಟ್ಟೆ, ಅದು ಫಖಿದ್‌ಗಿಂತ ದೊಡ್ಡ ಗುಂಪು. 1058ರಲ್ಲಿ ತೀರಿಕೊಂಡ ಇಸ್ಲಾಮೀ ನ್ಯಾಯಶಾಸ್ತ್ರಜ್ಞ ಅಲ್-ಮಾವರ್ದಿ ಕೊಟ್ಟಿರುವ ಆರು ಹಂತದ ಲೆಕ್ಕದಲ್ಲಿ ಮೂರನ್ನು ನೋಡಿ: ಮೆಕ್ಕಾದ ಖುರೈಷ್ ಕುಲ ‘ಇಮಾರಾ’, ಅಂದರೆ ಬತ್ನ್‌ಗಿಂತ ಮೇಲಿನ ಹಂತ, ಅದರೊಳಗೆ ಅಬ್ದ್ ಮನಾಫ್ ಮಕ್ಕಳು ಬತ್ನ್, ಅದರೊಳಗೆ ಪ್ರವಾದಿ ಮುಹಮ್ಮದರು ಹುಟ್ಟಿದ ಬನೂ ಹಾಶಿಮ್ ಫಖಿದ್.

ನನಗೆ ತುಂಬಾ ಇಷ್ಟವಾದದ್ದು ‘ಕಬೀಲಾ’. ನಾವು ಬುಡಕಟ್ಟು ಅಂತ ಬರೆದು ಮುಂದೆ ಹೋಗಿಬಿಡುತ್ತೇವೆ. ಆದರೆ ತಲೆಬುರುಡೆಯ ಮೂಳೆ ತುಂಡುಗಳಿಗೂ ಅರಬ್ಬಿಯಲ್ಲಿ ಕಬೀಲಾ ಅಂತಲೇ ಹೆಸರು, ಒಂದಕ್ಕೊಂದು ಎದುರಾಗಿ ಬಂದು ಕೂಡಿಕೊಂಡಿರುವ ತುಂಡುಗಳು, ಅದರಿಂದಲೇ ಕುಲಕ್ಕೂ ಆ ಹೆಸರು ಬಂತು ಅನ್ನುತ್ತಾರೆ ಹಳೆಯ ನಿಘಂಟುಕಾರರು. ಇನ್ನು ‘ಶಅಬ್’, ಈಗ ಜನತೆ ಅನ್ನೋ ಅರ್ಥದಲ್ಲಿ ಬಳಸುವ ಪದ. ಅದರ ಧಾತುವಿಗೆ ಕೂಡಿಸು ಅಂತಲೂ ಒಡೆ ಅಂತಲೂ ಎರಡು ಅರ್ಥ. ಕೂಡಿ ಬೆಳೆದು ಕವಲೊಡೆಯೋದೇ ಕುಲದ ಕಥೆ, ಅಲ್ವಾ?

ಎಲ್ಲವೂ ಮೈಯಿಂದಲೇ ಬಂದಿಲ್ಲ. ‘ಅಶೀರಾ’ ಅಂದರೆ ಜೊತೆಗೆ ಬಾಳುವವರು. ‘ಉಸ್ರಾ’, ಅಂದರೆ ಕುಟುಂಬ, ಕಟ್ಟು ಅನ್ನೋ ಧಾತುವಿನಿಂದ ಬಂದದ್ದು. ಸೆರೆಯಾಳಿಗೆ ಹೇಳುವ ‘ಅಸೀರ್’ ಕೂಡ ಅದೇ ಧಾತುವಿನದು. ನಂಟಸ್ತಿಕೆಗೆ ‘ರಹಿಮ್’, ಅಂದರೆ ಗರ್ಭ. ನಾವು ಕರುಳಿನ ಸಂಬಂಧ ಅಂತೀವಲ್ಲ, ಹಾಗೆ.

ಇವುಗಳಲ್ಲಿ ಒಂದು ಪದ ನಮ್ಮ ಬಾಯಲ್ಲೇ ಇದೆ. ನಿಲ್ಲು ಅನ್ನೋ ಧಾತುವಿನ ‘ಕೌಮ್’ ಉರ್ದು ಮೂಲಕ ಕನ್ನಡಕ್ಕೆ ಬಂದು ‘ಕೋಮು’ ಆಯಿತು. ಇವತ್ತು ಆ ಪದ ಜಾಸ್ತಿ ಕೇಳೋದು ಗಲಭೆಯ ಸುದ್ದಿಯಲ್ಲಿ, ಅದು ನನಗೆ ಬೇಸರದ ವಿಷಯ.

ಆ ವಂಶಾವಳಿಯಲ್ಲಿ ತೊಡೆ ಇದ್ದ ಕಡೆಯೆಲ್ಲ ‘ಕವಲು’ ಅಂತ ಬರೆದು, ಪಕ್ಕದಲ್ಲಿ ಫಖಿದ್ ಅನ್ನೋ ಮೂಲ ಪದವನ್ನೂ ಉಳಿಸಿ ಕಳಿಸಿದೆ. ಆ ಮನೆಯ ಮಕ್ಕಳು ಮುಂದೆ ತಮ್ಮ ಕವಲನ್ನು ಹುಡುಕುವಾಗ ಕೇಳೋದು ಆ ಪದವನ್ನೇ.