ಬಸ್ಸಿನ್ಯಾಗ ಕುಂತ ವಿದ್ಯಾರ್ಥಿ

ಧಾರವಾಡ, ಗದಗ, ಹಾವೇರಿ ಕಡೆಯಿಂದ ಪ್ರಾಣಿಶಾಸ್ತ್ರದ ಮಕ್ಕಳನ್ನು ಕಾರವಾರದ ಕಡಲದಂಡೆಯ ಅಧ್ಯಯನಕ್ಕೆ ಕರೆದೊಯ್ಯುವ ಬಸ್ಸುಗಳಲ್ಲಿ ಒಂದು ಮಾತು ತಪ್ಪುವುದಿಲ್ಲ: "ನೀ ಇಲ್ಲೇ ಕೂಡವಾ, ಕಲ್ಲು ಭಾಳ ಜಾರ್ತಾವ. ಗೆಳತ್ಯಾರ ರೆಕಾರ್ಡ್ ನೋಡಿ ಬರಕೊಂಡ್ರ ಆತು." ಹೇಳುವ ಮೇಷ್ಟ್ರಿಗೆ ಕಕ್ಕುಲಾತಿಯೇ ಇರುತ್ತದೆ. ಕಣ್ಣು ಕಾಣದ ಅಥವಾ ಊರುಗೋಲು ಹಿಡಿದ ಹುಡುಗಿಗೆ ಅಂಕವೂ ಸಿಗುತ್ತದೆ, ಸಮುದ್ರ ಮಾತ್ರ ಸಿಗುವುದಿಲ್ಲ.

ವಿನಾಯಿತಿ ಬೇರೆ, ಅನುಕೂಲ ಬೇರೆ. ಎಷ್ಟು ಸಲ ಹೇಳಿದರೂ ಇದೊಂದು ತಲೆಗೆ ಇಳಿಯುವುದಿಲ್ಲ. ವಿನಾಯಿತಿಯೆಂದರೆ ಆಕೆಯ ಪಾಲಿನ ಕೆಲಸವನ್ನೇ ಕಿತ್ತುಕೊಳ್ಳುವುದು. ಅನುಕೂಲವೆಂದರೆ ಕೆಲಸ ಅದೇ, ಮಾಡುವ ದಾರಿ ಬೇರೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಕಾಲೇಜುಗಳಿಂದ ಕೇಳುವುದು ಎರಡನೆಯದನ್ನು.

ಬಸ್ಸಿನಲ್ಲಿ ಕೂರಿಸುವುದಕ್ಕೆ ನಿಜವಾದ ಕಾರಣ ಬಹಳ ಸಲ ಅವಸರ. ಪ್ರವಾಸದ ದಿನವನ್ನು ರಜೆ ನೋಡಿ ಗೊತ್ತುಮಾಡುತ್ತಾರೆ, ಉಬ್ಬರ-ಇಳಿತದ ಪಟ್ಟಿ ನೋಡಿ ಅಲ್ಲ. ಹುಣ್ಣಿಮೆ, ಅಮಾವಾಸ್ಯೆಗೆ ನೀರು ಹೆಚ್ಚು ದೂರ ಸರಿಯುತ್ತದೆ, ಸರಿ. ಆದರೆ ಆ ದಿನಗಳಲ್ಲಿ ಕಾರವಾರದ ಕಡೆ ಇಳಿತ ಸಾಮಾನ್ಯವಾಗಿ ಬೆಳಗಿನ ಜಾವಕ್ಕೆ ಮತ್ತು ಸಂಜೆಗೆ ಬೀಳುತ್ತದೆ. ಧಾರವಾಡದಿಂದ ನಸುಕಿನಲ್ಲಿ ಹೊರಟು ಅರಬೈಲು ಘಟ್ಟ ಇಳಿದು ಒಂಬತ್ತೂವರೆಗೆ ತಲುಪಿದರೆ ನೀರು ಏರುತ್ತಿರುತ್ತದೆ. ಸಿಕ್ಕ ಅರ್ಧ ತಾಸಿನಲ್ಲಿ ಓಡಿಯಾಡಲು ಬರುವವರಷ್ಟೇ ಕೆಲಸ ಮಾಡುತ್ತಾರೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ, ಹಾಗಾಗಿ ಹುಣ್ಣಿಮೆ, ಅಮಾವಾಸ್ಯೆ ಕಳೆದ ಕೆಲವು ದಿನಕ್ಕೆ ಅದು ಬೆಳಕು ಹರಿದ ಮೇಲೆ ಬೀಳುತ್ತದೆ. ಹಿಂದಿನ ರಾತ್ರಿಯೇ ಹೋಗಿ ಉಳಿದು, ಇಳಿತಕ್ಕೆ ಒಂದೂವರೆ ತಾಸು ಮೊದಲೇ ದಂಡೆಯಲ್ಲಿದ್ದರೆ ನಿಧಾನಕ್ಕೆ ನಡೆಯುವವರಿಗೂ ಪುರಸೊತ್ತು ಸಿಗುತ್ತದೆ. ಊರುಗೋಲು ಒಣ ಮರಳಲ್ಲಿ ಹುಗಿಯುತ್ತದೆ. ನೀರು ಈಗಷ್ಟೇ ಸರಿದ ಒದ್ದೆ ಮರಳು ಗಟ್ಟಿ.

ಇನ್ನು ಕ್ವಾಡ್ರಾಟ್, ಅಂದರೆ ದಂಡೆಯ ಮೇಲಿಟ್ಟು ಅದರೊಳಗಿನ ಜೀವಿಗಳನ್ನು ಎಣಿಸುವ ಚೌಕಟ್ಟು. ಅರ್ಧ ಇಂಚಿನ ಪಿವಿಸಿ ಪೈಪಿನಲ್ಲಿ 50 ಸೆಂಟಿಮೀಟರಿನ ನಾಲ್ಕು ತುಂಡು, ನಾಲ್ಕು ಎಲ್ಬೋ. 10 ಸೆಂಟಿಮೀಟರಿಗೊಂದು ತೂತು ಕೊರೆದು ಅಡ್ಡ ನಾಲ್ಕು, ಉದ್ದ ನಾಲ್ಕು ನೈಲಾನ್ ದಾರ ಬಿಗಿದರೆ 25 ಚೌಕ. ಮೊದಲ ದಾರದ ತುದಿಗೆ ಒಂದು ಗಂಟು, ಎರಡನೆಯದಕ್ಕೆ ಎರಡು, ಹೀಗೆ ನಾಲ್ಕರವರೆಗೆ. ಯಾವ ಚೌಕದಲ್ಲಿದ್ದೇನೆಂದು ಬೆರಳೇ ಹೇಳುತ್ತದೆ. ಬಾರ್ನಕಲ್, ಅಂದರೆ ಕಲ್ಲಿಗೆ ಕಚ್ಚಿಕೊಂಡ ಸಣ್ಣ ಚಿಪ್ಪುಜೀವಿ, ಕೈಗೆ ತಾಗಿದ ಚೌಕಗಳನ್ನು ಎಣಿಸಿ. ಹತ್ತು ಚೌಕದಲ್ಲಿ ಸಿಕ್ಕರೆ ಶೇ. 40. ತೂತುಗಳಿಗೆ ಎಂ-ಸೀಲ್ ಬಳಿಯುವ ಉತ್ಸಾಹಿಗಳೂ ಇದ್ದಾರೆ. ಪೈಪಿನೊಳಗೆ ನೀರು ಹೋಗದಿದ್ದರೆ ಚೌಕಟ್ಟು ತೇಲಿ ಅಲೆಯ ಪಾಲು. ಹೋಗುವ ಮೊದಲು ಒಮ್ಮೆ ಕೆಲಗೇರಿ ಕೆರೆ ದಂಡೆಯಲ್ಲೋ ಉಣಕಲ್ಲಿನಲ್ಲೋ ರೂಢಿ ಮಾಡಿಸಿ.

ಮುಟ್ಟಿ ವಿಜ್ಞಾನ ಮಾಡಲಾದೀತೇ ಎಂದು ಹುಬ್ಬೇರಿಸುವವರಿಗೆ ವಿಜ್ಞಾನಿ ಖೀರಾಟ್ ವರ್ಮೈ ಹೆಸರು ಸಾಕು. ನೆದರ್‌ಲ್ಯಾಂಡ್ಸ್‌ನಲ್ಲಿ 1946ರಲ್ಲಿ ಹುಟ್ಟಿ, ಮೂರನೇ ವಯಸ್ಸಿಗೆ ದೃಷ್ಟಿ ಕಳೆದುಕೊಂಡ ಅವರು ಚಿಪ್ಪುಗಳ ಮೇಲೆ ಏಡಿ ಒಡೆದು ವಾಸಿಯಾದ ಗಾಯದ ಗೆರೆಗಳನ್ನು ಬೆರಳಿನಿಂದಲೇ ಓದಿದವರು. ಆದರೆ ಎಚ್ಚರ: ಜೀವಂತ ಶಂಕುಹುಳುವಿಗೆ, ಅಂದರೆ ಕೋನ್ ಸ್ನೇಲಿಗೆ, ಯಾರೂ ಬರಿಗೈ ಹಾಕಕೂಡದು. ಅದರ ವಿಷ ಪ್ರಾಣಕ್ಕೇ ಬಂದೀತು. ಸಿಂಪಿಯ ಅಂಚು ಬ್ಲೇಡಿನಂತೆ. ಮೊದಲು ಲ್ಯಾಬಿನಲ್ಲಿ ಒಣ ಚಿಪ್ಪು, ಆಮೇಲೆ ದಂಡೆ.

ಎದ್ದು ಕಾಣದ ತೊಂದರೆಗಳೂ ಇವೆ. ನೀರಿನ ಲವಣಾಂಶ ಅಳೆಯಲು ಸಿಲ್ವರ್ ನೈಟ್ರೇಟ್ ಹನಿಹನಿಯಾಗಿ ಬಿಡುವ ಟೈಟ್ರೇಶನ್ ಮಾಡುವಾಗ ಹಳದಿ ಇಟ್ಟಿಗೆಗೆಂಪಿಗೆ ತಿರುಗುವುದು ಕೆಂಪು-ಹಸಿರು ಬಣ್ಣಗುರುಡಿರುವ ಹುಡುಗನಿಗೆ ಗೊತ್ತಾಗುವುದಿಲ್ಲ. ಅವನು "ದಡ್ಡ" ಅನ್ನಿಸಿಕೊಳ್ಳುತ್ತಾನೆ. ಅವನಿಗೆ ಒಂದೆರಡು ಹನಿ ನೀರಿನಿಂದಲೇ ಲವಣಾಂಶ ತೋರಿಸುವ ರಿಫ್ರಾಕ್ಟೋಮೀಟರ್ ಕೊಡಿ, ಡಿಸ್ಟಿಲ್ಡ್ ವಾಟರ್ ಹಾಕಿ ಸೊನ್ನೆಗೆ ಹೊಂದಿಸಿಕೊಂಡರೆ ತೆರೆದ ಸಮುದ್ರದ ನೀರಿಗೆ ಸಾವಿರಕ್ಕೆ 35ರ ಆಸುಪಾಸು ತೋರಿಸಬೇಕು, ಕಾಳಿ ಅಳಿವೆಯಲ್ಲಿ ಮಳೆಗಾಲಕ್ಕೆ ಅದಕ್ಕಿಂತ ಬಹಳ ಕಡಿಮೆ. ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯುವ ವಿಂಕ್ಲರ್ ವಿಧಾನದಲ್ಲಿ ನೀಲಿ ಹೋಗಿ ಬಣ್ಣವೇ ಇಲ್ಲದಾಗುವುದರಿಂದ ಅಷ್ಟು ತೊಡಕಿಲ್ಲ.

ಯಾರಿಗೆ ಏನು ಬೇಕೆಂದು ಹದಿನೈದು ದಿನ ಮೊದಲೇ, ತರಗತಿಯ ಎದುರಲ್ಲಲ್ಲ, ಒಬ್ಬೊಬ್ಬರನ್ನೇ ಕರೆದು ಕೇಳಿ. ಕಾಯಿಲೆಯ ಹೆಸರು ಬೇಡ, ಬೇಕಾದ ಅನುಕೂಲ ಕೇಳಿದರೆ ಸಾಕು. ಒಬ್ಬಳಿಗೆ ಹೊಂದಿದ್ದು ಇನ್ನೊಬ್ಬಳಿಗೆ ಹೊಂದಬೇಕೆಂದಿಲ್ಲ.

ಪ್ರಾಯೋಗಿಕ ಪರೀಕ್ಷೆಯ ದಿನ ಹೊರಗಿನ ಪರೀಕ್ಷಕರಿಗೂ ಮೊದಲೇ ಹೇಳಿಡಿ. ಲಿಖಿತ ಪರೀಕ್ಷೆಗೆ ಕೊಡುವ ತಾಸಿಗೆ 20 ನಿಮಿಷದ ಹೆಚ್ಚುವರಿ ಸಮಯ ಇಲ್ಲೂ ಇರಲಿ. ಸ್ಪಾಟಿಂಗಿಗೆ, ಅಂದರೆ ಮಾದರಿ ನೋಡಿ ಜೀವಿಯನ್ನು ಗುರುತಿಸುವ ಭಾಗಕ್ಕೆ, ಬಾಟಲಿಯ ಬದಲು ಒಣ ಚಿಪ್ಪು, ಏಡಿಯ ಬೆನ್ನಚಿಪ್ಪು, ಕಡಲಕುಡಿಕೆಯ (ಸೀ ಅರ್ಚಿನ್) ಗೂಡು ಕಣ್ಣು ಕಾಣದ ವಿದ್ಯಾರ್ಥಿನಿಯ ಕೈಗಿಡಿ. ಫಾರ್ಮಲಿನ್ ಬಾಟಲಿ ಮುಚ್ಚೇ ಇರಲಿ.