ಸಾಂದ್ರತೆ: ಒಂದು ಲೀಟರ್ ಎಂದರೆ ಎಷ್ಟು ಕಿಲೋ?

ಒಂದು ಲೀಟರ್ ಎಂದರೆ ಎಷ್ಟು ಕಿಲೋ ಎಂದು ಯಾರಾದರೂ ಕೇಳಿದರೆ ‘ಒಂದು’ ಎಂಬ ಉತ್ತರ ಥಟ್ಟನೆ ಬಾಯಿಗೆ ಬರುತ್ತದೆ. ಆದರೆ ಮೊದಲು ಕೇಳಬೇಕಾದದ್ದು, ಯಾವುದರ ಲೀಟರ್? ನೀರಾದರೆ ಒಂದು ಕಿಲೋ ಸರಿ. ಪೆಟ್ರೋಲಾದರೆ ಮುಕ್ಕಾಲು ಕಿಲೋ ಆಸುಪಾಸು. ಪಾದರಸವಾದರೆ ಹದಿಮೂರೂವರೆ ಕಿಲೋಗೂ ಹೆಚ್ಚು! ಈ ವ್ಯತ್ಯಾಸಕ್ಕೆ ಇರುವ ಹೆಸರೇ ಸಾಂದ್ರತೆ.

‘ಸಾಂದ್ರ’ ಎಂದರೆ ದಟ್ಟವಾದದ್ದು, ಒತ್ತಾಗಿ ಸೇರಿದ್ದು. ಒಂದು ವಸ್ತುವಿನಲ್ಲಿ ಎಷ್ಟು ದ್ರವ್ಯವಿದೆ ಎನ್ನುವುದು ಅದರ ದ್ರವ್ಯರಾಶಿ. ಗ್ರಾಂ, ಕಿಲೋಗ್ರಾಂ, ಟನ್ನುಗಳಲ್ಲಿ ಅಳೆಯುತ್ತೇವೆ. ಅದು ಎಷ್ಟು ಜಾಗ ಹಿಡಿಯುತ್ತದೆ ಎನ್ನುವುದು ಗಾತ್ರ. ಲೀಟರ್, ಘನ ಸೆಂಟಿಮೀಟರ್, ಘನ ಮೀಟರ್ ಅದರ ಅಳತೆಗಳು. ದ್ರವ್ಯರಾಶಿಯನ್ನು ಗಾತ್ರದಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ನೀರು ಹೆಪ್ಪುಗಟ್ಟುವಾಗ ಇದು ಚೆನ್ನಾಗಿ ಕಾಣುತ್ತದೆ. ದ್ರವ್ಯರಾಶಿ ಇದ್ದಷ್ಟೇ ಇರುತ್ತದೆ, ಗಾತ್ರ ಮಾತ್ರ ಶೇಕಡಾ 9ರಷ್ಟು ಹಿಗ್ಗುತ್ತದೆ. ಹಾಗಾಗಿ ಮಂಜುಗಡ್ಡೆಯ ಸಾಂದ್ರತೆ ಘನ ಸೆಂಟಿಮೀಟರಿಗೆ 0.917 ಗ್ರಾಮಿಗೆ ಇಳಿದು, ಅದು ನೀರಿನ ಮೇಲೆ ತೇಲುತ್ತದೆ.

ನೀರಿನ ಲೆಕ್ಕ ಇಷ್ಟು ಸಲೀಸಾಗಿ ಕೂಡಿಬಂದದ್ದು ಆಕಸ್ಮಿಕವಲ್ಲ. 1795ರಲ್ಲಿ ಫ್ರಾನ್ಸಿನಲ್ಲಿ ಗ್ರಾಂ ಅನ್ನು ಒಂದು ಘನ ಸೆಂಟಿಮೀಟರ್ ನೀರಿನಿಂದಲೇ ನಿರೂಪಿಸಿದ್ದರು. 1901ರಿಂದ 1964ರವರೆಗೆ ಒಂದು ಕಿಲೋ ನೀರು ಹಿಡಿಯುವ ಜಾಗವೇ ಲೀಟರ್ ಎನಿಸಿಕೊಂಡಿತ್ತು. ಈಗ ಆ ನಂಟು ಕಳಚಿದೆ: ಲೀಟರ್ ಎಂದರೆ ನಿಖರವಾಗಿ 1000 ಘನ ಸೆಂಟಿಮೀಟರ್, ಕಿಲೋಗ್ರಾಂ 2019ರಿಂದ ಪ್ಲಾಂಕ್ ಸ್ಥಿರಾಂಕವೆಂಬ, ಎಲ್ಲೂ ಎಂದೂ ಬದಲಾಗದ ಭೌತಶಾಸ್ತ್ರದ ಬೆಲೆಯೊಂದನ್ನು ಆಧರಿಸಿದೆ. ಆದರೂ ಹಳೆಯ ನಂಟಿನ ಅಭ್ಯಾಸ ನಮ್ಮನ್ನು ಬಿಟ್ಟಿಲ್ಲ.

ಕಿಲೋಗ್ರಾಂ ಅನ್ನು ಗ್ರಾಮಿಗೆ, ಲೀಟರನ್ನು ಮಿಲಿಲೀಟರಿಗೆ ಬದಲಿಸಲು ವಸ್ತು ಯಾವುದೆಂದು ತಿಳಿಯಬೇಕಿಲ್ಲ. ಲೀಟರಿನಿಂದ ಕಿಲೋಗೆ ದಾಟಬೇಕಾದರೆ ಮಾತ್ರ ಆ ವಸ್ತುವಿನ ಸಾಂದ್ರತೆ ಬೇಕೇ ಬೇಕು. ಹೆಚ್ಚಿನವರು ಎಡವುವುದು ಘನ ಅಳತೆಗಳಲ್ಲಿ. ಒಂದು ಮೀಟರಿಗೆ 100 ಸೆಂಟಿಮೀಟರ್. ಆದರೆ ಒಂದು ಘನ ಮೀಟರಿಗೆ 100 ಘನ ಸೆಂಟಿಮೀಟರ್ ಅಲ್ಲ, 10 ಲಕ್ಷ. ಉದ್ದ, ಅಗಲ, ಎತ್ತರ ಮೂರೂ ಕಡೆ ನೂರು ನೂರು. ಕಬ್ಬಿಣದ ಸಾಂದ್ರತೆ ಘನ ಸೆಂಟಿಮೀಟರಿಗೆ 7.87 ಗ್ರಾಂ. ಹಾಗಿದ್ದರೆ ಒಂದು ಘನ ಮೀಟರ್ ಕಬ್ಬಿಣ 78.7 ಲಕ್ಷ ಗ್ರಾಂ, ಅಂದರೆ 7870 ಕಿಲೋ. ಇದನ್ನೇ ಲೀಟರಿಗೆ 7.87 ಕಿಲೋ ಎಂದರೂ ಸರಿ, ಘನ ಮೀಟರಿಗೆ 7.87 ಟನ್ ಎಂದರೂ ಸರಿ.

ಲೆಕ್ಕ ಮಾಡುವಾಗ ಏಕಮಾನವನ್ನು ಅಂಕಿಯ ಪಕ್ಕದಲ್ಲೇ ಬರೆಯಿರಿ ಎಂದು ನಾನು ಒತ್ತಿ ಹೇಳುತ್ತೇನೆ. 1983ರ ಜುಲೈ 23ರಂದು ಕೆನಡಾದಲ್ಲಿ ಒಂದು ಬೋಯಿಂಗ್ 767 ವಿಮಾನ ಹೊರಡಬೇಕಿತ್ತು. ಪ್ರಯಾಣಕ್ಕೆ ಬೇಕಾದ ಇಂಧನ 22,300 ಕಿಲೋ. ಟ್ಯಾಂಕುಗಳಲ್ಲಿ ಆಗಲೇ ಇದ್ದದ್ದು 7,682 ಲೀಟರ್. ಲೀಟರನ್ನು ಕಿಲೋಗೆ ಬದಲಿಸಲು ಸಿಬ್ಬಂದಿ 1.77ರಿಂದ ಗುಣಿಸಿದರು. ಅಂಕಿ ತಪ್ಪಾಗಿರಲಿಲ್ಲ, ಆದರೆ ಅದು ಒಂದು ಲೀಟರ್ ಇಂಧನಕ್ಕೆ ಎಷ್ಟು ಪೌಂಡ್ ಎಂದು ಹೇಳುವ ಸಾಂದ್ರತೆ. ಕಿಲೋ ಲೆಕ್ಕಕ್ಕೆ ಬೇಕಿದ್ದದ್ದು ಸುಮಾರು 0.8. ಈ ಸರಿಯಾದ ಲೆಕ್ಕದ ಪ್ರಕಾರ ಇನ್ನೂ 20 ಸಾವಿರ ಲೀಟರ್ ತುಂಬಬೇಕಿತ್ತು. ತುಂಬಿದ್ದು 5 ಸಾವಿರಕ್ಕೂ ಕಡಿಮೆ. 41,000 ಅಡಿ ಎತ್ತರದಲ್ಲಿ ಹಾರುತ್ತಿದ್ದಾಗ ಇಂಧನ ಮುಗಿಯುತ್ತ ಬಂದು, ಎರಡೂ ಎಂಜಿನ್‌ಗಳು ಒಂದರ ಹಿಂದೊಂದು ನಿಂತವು. ಗ್ಲೈಡರ್ ಹಾರಿಸಿ ಪಳಗಿದ್ದ ಕ್ಯಾಪ್ಟನ್, ವಿಮಾನವನ್ನು ಎಂಜಿನ್ ಇಲ್ಲದೆಯೇ ತೇಲಿಸಿಕೊಂಡು ಹೋಗಿ ಗಿಮ್ಲಿ ಎಂಬಲ್ಲಿನ ಹಳೆಯ ವಾಯುನೆಲೆಯಲ್ಲಿ ಇಳಿಸಿದರು. ಅದರಲ್ಲಿದ್ದ 69 ಮಂದಿಯೂ ಬದುಕುಳಿದರು.