ಒಂದೂವರೆ ಡಾಲರಿನ ಲೆಕ್ಕ: ಮೇರಿ ಬೆಥೂನ್ ಕುರಿತ ಅಧ್ಯಯನ ಟಿಪ್ಪಣಿ

ಶಿಕ್ಷಣದ ಇತಿಹಾಸ ಓದುವವರ ನೋಟ್ಸುಗಳಲ್ಲಿ ಮೇರಿ ಮೆಕ್ಲೌಡ್ ಬೆಥೂನ್ ಸಾಮಾನ್ಯವಾಗಿ ಒಂದೇ ಸಾಲಿಗೆ ಮುಗಿದುಹೋಗುತ್ತಾರೆ: ಒಂದೂವರೆ ಡಾಲರ್ ಕೈಯಲ್ಲಿಟ್ಟುಕೊಂಡು ಶಾಲೆ ತೆರೆದ ಕಪ್ಪು ಮಹಿಳೆ. ಸಾಲೇನೋ ನಿಜ. ಆದರೆ ಅದನ್ನಷ್ಟೇ ಬಾಯಿಪಾಠ ಮಾಡಿಕೊಂಡರೆ ಪವಾಡ ಉಳಿಯುತ್ತದೆ, ದುಡಿಮೆ ಮರೆಯಾಗುತ್ತದೆ. ಆ ಒಂದೂವರೆ ಡಾಲರಿಗೆ ಮೊದಲು ಏನಿತ್ತು, ಆಮೇಲೆ ಏನು ಬಂತು ಎಂದು ನೋಡುವುದು ಇಲ್ಲಿನ ಕೆಲಸ.

ಮೊದಲು ಹೊಲ. ಮೇರಿ ಹುಟ್ಟಿದ್ದು 1875ರ ಜುಲೈ 10ರಂದು, ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಮೇಯ್ಸ್‌ವಿಲ್ ಬಳಿ. ಗುಲಾಮಗಿರಿ ಕಾನೂನಿನಲ್ಲಿ ರದ್ದಾಗಿ ಆಗ ಹತ್ತು ವರ್ಷವಾಗಿತ್ತು. ತಂದೆ ಸ್ಯಾಮ್ಯುಯೆಲ್, ತಾಯಿ ಪ್ಯಾಟ್ಸಿ ಇಬ್ಬರೂ ಗುಲಾಮರಾಗಿದ್ದವರು. ಹದಿನೇಳು ಮಕ್ಕಳಲ್ಲಿ ಮೇರಿ ಹದಿನೈದನೆಯವಳು. ಅಕ್ಕ ಅಣ್ಣಂದಿರಲ್ಲಿ ಹೆಚ್ಚಿನವರು ಗುಲಾಮರಾಗಿಯೇ ಹುಟ್ಟಿದ್ದರು. ಬಿಡುಗಡೆಯ ನಂತರವೂ ತಾಯಿ ಹಳೆಯ ಒಡೆಯರ ಮನೆಗೆ ಕೆಲಸಕ್ಕೆ ಹೋಗಿ ದುಡ್ಡು ಕೂಡಿಟ್ಟಳು. ಮನೆಯವರು ಸ್ವಂತಕ್ಕೆ ತುಂಡು ಜಮೀನು ಮಾಡಿಕೊಂಡು ಹತ್ತಿ ಬೆಳೆದರು. ಮೇರಿ ಒಂಬತ್ತನೇ ವಯಸ್ಸಿಗೆ ದಿನಕ್ಕೆ 250 ಪೌಂಡ್, ಅಂದರೆ ಒಂದು ಕ್ವಿಂಟಲಿಗೂ ಹೆಚ್ಚು ಹತ್ತಿ ಬಿಡಿಸುತ್ತಿದ್ದಳು ಎಂಬ ಮಾತು ಅವರ ಬಗೆಗಿನ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಹಾವೇರಿ, ರಾಣೆಬೆನ್ನೂರು ಕಡೆ ಹತ್ತಿ ಬಿಡಿಸಿ ಗೊತ್ತಿರುವವರು ಈ ಅಂಕಿ ಕೇಳಿದರೆ ಹುಬ್ಬೇರಿಸಿಯಾರು. ಪರೀಕ್ಷೆಯ ಉತ್ತರದಲ್ಲಿ ಅದನ್ನು ಬರೆಯದಿದ್ದರೂ ನಷ್ಟವಿಲ್ಲ.

ಬರೆಯಲೇಬೇಕಾದ ಪ್ರಸಂಗ ಬೇರೆ ಇದೆ. ತಾಯಿಯ ಜೊತೆ ಒಡೆಯರ ಮನೆಗೆ ಹೋಗಿದ್ದಾಗ ಹುಡುಗಿ ಅಲ್ಲಿದ್ದ ಪುಸ್ತಕವೊಂದನ್ನು ಕೈಗೆತ್ತಿಕೊಂಡಳು. ಆ ಮನೆಯ ಮಗು, ನಿನಗೆ ಓದು ಬರುವುದಿಲ್ಲ, ಕೆಳಗಿಡು ಎಂದಿತು. ಬಿಳಿಯರಿಗೂ ತಮಗೂ ಇರುವ ವ್ಯತ್ಯಾಸ ಅಕ್ಷರದ್ದು ಎಂದು ಆಗ ತನಗನ್ನಿಸಿತೆಂದು ಬೆಥೂನ್ ಮುಂದೆ ಹಲವು ಸಲ ಹೇಳಿಕೊಂಡರು. ಹತ್ತು ವರ್ಷದವಳಾಗಿದ್ದಾಗ ಎಮ್ಮಾ ವಿಲ್ಸನ್ ಎಂಬ ಕಪ್ಪು ಶಿಕ್ಷಕಿಯ ಮಿಷನ್ ಶಾಲೆ ಸಿಕ್ಕಿತು. ದಿನಾ ಮೈಲಿಗಟ್ಟಲೆ ನಡೆದು ಹೋಗಬೇಕಿತ್ತು. ಮನೆಯಿಂದ ಶಾಲೆಗೆ ಹೋದದ್ದು ಅವಳೊಬ್ಬಳೇ. ಹಾಗಾಗಿ ಹಗಲು ಕಲಿತದ್ದನ್ನು ಸಂಜೆ ಮನೆಯವರಿಗೆ ಹೇಳಿಕೊಡುವುದು ಅವಳ ಪಾಲಿಗೆ ಬಂತು. ಕೂಡುವುದು ಕಳೆಯುವುದು ಬಂದ ಮೇಲೆ ಅಕ್ಕಪಕ್ಕದ ರೈತರು ತಕ್ಕಡಿಯಲ್ಲಿ ಮೋಸಹೋಗದಂತೆ ಹತ್ತಿಯ ತೂಕದ ಲೆಕ್ಕವನ್ನೂ ನೋಡಿಕೊಟ್ಟಳು ಎನ್ನುತ್ತಾರೆ. ಅವರ ಶಿಕ್ಷಕ ವೃತ್ತಿ ಶುರುವಾದದ್ದು 1904ರಲ್ಲಿ ಎಂದು ಬರೆಯುವವರಿಗೆ ನನ್ನ ತಕರಾರು ಇರುವುದು ಇಲ್ಲಿಯೇ. ಅದು ಶುರುವಾದದ್ದು ಈ ಸಂಜೆಗಳಲ್ಲಿ.

ಮುಂದಿನ ಓದಿಗೆ ದುಡ್ಡು ಕೊಟ್ಟವರು ದೂರದ ಕೊಲೊರಾಡೊದಲ್ಲಿ ಬಟ್ಟೆ ಹೊಲಿಯುತ್ತಿದ್ದ ಮೇರಿ ಕ್ರಿಸ್‌ಮನ್ ಎಂಬ ಹೆಂಗಸು. ಹುಡುಗಿಯ ಮುಖವನ್ನೇ ನೋಡಿರಲಿಲ್ಲ. ಉತ್ತರ ಕೆರೊಲಿನಾದ ಸ್ಕೋಷಿಯಾ ಸೆಮಿನರಿ, ಆಮೇಲೆ ಷಿಕಾಗೋದಲ್ಲಿ ಮಿಷನರಿ ತರಬೇತಿ. ಆಫ್ರಿಕಾಕ್ಕೆ ಹೋಗುತ್ತೇನೆಂದು ಅರ್ಜಿ ಹಾಕಿದರೆ, ಕಪ್ಪು ಮಿಷನರಿಗಳಿಗೆ ಅಲ್ಲಿ ಜಾಗವಿಲ್ಲ ಎಂಬ ಉತ್ತರ ಬಂತು. ಜಾರ್ಜಿಯಾದ ಆಗಸ್ಟಾದಲ್ಲಿ ಲೂಸಿ ಲೇನಿ ಎಂಬ ಕಪ್ಪು ಮಹಿಳೆ ಕಟ್ಟಿದ ಶಾಲೆಯಲ್ಲಿ ಪಾಠ ಮಾಡಿದರು. ಶಾಲೆ ಕಟ್ಟುವುದು ಹೇಗೆಂದು ಕಣ್ಣಾರೆ ಕಂಡದ್ದು ಅಲ್ಲಿ. 1898ರಲ್ಲಿ ಮದುವೆಯಾಯಿತು, ಮರುವರ್ಷ ಮಗ ಹುಟ್ಟಿದ. ಮುಂದೆ ಗಂಡ ದೂರವಾದ.

ಇಷ್ಟಾದ ಮೇಲೆ 1904ರ ಅಕ್ಟೋಬರ್ 3. ಫ್ಲಾರಿಡಾದ ಡೇಟೋನಾ, ಬಾಡಿಗೆಯ ಪುಟ್ಟ ಮನೆ, ಐದು ಹುಡುಗಿಯರು, ಜೊತೆಗೆ ಮಗ ಆಲ್ಬರ್ಟ್. ಖಾಲಿ ಪೆಟ್ಟಿಗೆಗಳೇ ಮೇಜು, ಸುಟ್ಟ ಕಟ್ಟಿಗೆಯ ಚೂರೇ ಪೆನ್ಸಿಲ್, ಕಾಡುಹಣ್ಣಿನ ರಸವೇ ಶಾಯಿ. ರೈಲುದಾರಿ, ಹೋಟೆಲುಗಳ ಕೆಲಸಕ್ಕೆಂದು ಕಪ್ಪು ಕೂಲಿಕಾರರು ಸಂಸಾರ ಸಮೇತ ಬಂದಿದ್ದ ಊರದು. ಅವರ ಮಕ್ಕಳಿಗೆ ಕಲಿಯುವ ದಾರಿಯಿರಲಿಲ್ಲ. ಅದೇ ಊರಿಗೆ ಚಳಿಗಾಲ ಕಳೆಯಲು ಉತ್ತರದ ಸಿರಿವಂತರೂ ಬರುತ್ತಿದ್ದರು. ಬೆಥೂನ್ ಎರಡೂ ಬಾಗಿಲು ತಟ್ಟಿದರು. ಸಿಹಿಗೆಣಸಿನ ಕಡುಬು ಮಾಡಿ ಕೂಲಿಕಾರರಿಗೆ ಮಾರಿದರು. (ಅದಕ್ಕೆ ಅವರು ಹೇಳುವುದು ಪೈ, ನಮ್ಮ ಕಡುಬಿಗಿಂತ ಬೇರೆಯೇ, ಆದರೂ ಹತ್ತಿರದ ಪದ ಇದೇ.) ಚರ್ಚುಗಳಲ್ಲಿ ಮಕ್ಕಳಿಂದ ಹಾಡಿಸಿ ಕಾಣಿಕೆ ಎತ್ತಿದರು. ಐದು ಡಾಲರ್ ಮುಂಗಡ ಕೊಟ್ಟು ಊರಿನ ಕಸ ಸುರಿಯುತ್ತಿದ್ದ ಜೌಗು ಜಾಗವನ್ನು ಕೊಂಡರು. ಸಾಬೂನು ತಯಾರಿಸುವ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಮನೆತನದ ಜೇಮ್ಸ್ ಗ್ಯಾಂಬಲ್ ಅವರನ್ನು ಟ್ರಸ್ಟಿಯಾಗಿ ಒಪ್ಪಿಸಿದರು. ಒಂದೂವರೆ ಡಾಲರನ್ನು ಹಿಗ್ಗಿಸಿದ್ದು ಇವರೆಲ್ಲರ ಚಿಲ್ಲರೆ ಮತ್ತು ಚೆಕ್ಕು. ಸಿರಿವಂತರ ಹೆಸರು ಕಟ್ಟಡಗಳ ಮೇಲೆ ಉಳಿದಿವೆ, ಕಡುಬು ಕೊಂಡ ಕೂಲಿಕಾರರ ಹೆಸರು ಯಾರಿಗೂ ಗೊತ್ತಿಲ್ಲ.

ಇಲ್ಲಿ ಒಂದು ಚರ್ಚೆ ಏಳುತ್ತದೆ. ಅಡುಗೆ, ಹೊಲಿಗೆ, ತೋಟಗಾರಿಕೆ ಕಲಿಸಿ ಹುಡುಗಿಯರನ್ನು ಬಿಳಿಯರ ಮನೆಗೆಲಸಕ್ಕೆ ಸಜ್ಜು ಮಾಡಿದರೇ? ಆ ಕಾಲದ ಕಪ್ಪು ಚಿಂತಕರಲ್ಲಿ ಕೈಕಸುಬಿನ ಶಿಕ್ಷಣ ಮೊದಲು ಎನ್ನುವ ಬುಕರ್ ಟಿ. ವಾಷಿಂಗ್ಟನ್ ಒಂದು ಕಡೆ, ಉನ್ನತ ವಿದ್ಯೆ ಬೇಕೇ ಬೇಕು ಎನ್ನುವ ಡು ಬಾಯ್ಸ್ ಇನ್ನೊಂದು ಕಡೆ. ಬೆಥೂನ್ ದಾನಿಗಳಿಗೆ ಮೊದಲನೆಯ ಮಾತನ್ನು ಹೇಳುತ್ತಾ ಶಾಲೆಯನ್ನು ಎರಡನೆಯದರತ್ತ ನಡೆಸಿದರು ಎಂದು ನನ್ನ ಓದು. 1923ರಲ್ಲಿ ಅದು ಜ್ಯಾಕ್ಸನ್‌ವಿಲ್‌ನ ಕುಕ್‌ಮನ್ ಸಂಸ್ಥೆಯೊಂದಿಗೆ ಸೇರಿತು, ಮುಂದೆ ಬೆಥೂನ್-ಕುಕ್‌ಮನ್ ಕಾಲೇಜಾಯಿತು. ಇಂದು ಅದು ವಿಶ್ವವಿದ್ಯಾಲಯ. ಭಾನುವಾರದ ಸಭೆಗಳಿಗೆ ಬಂದ ಬಿಳಿಯರಿಗೆ ಅಲ್ಲಿ ಪ್ರತ್ಯೇಕ ಸಾಲು ಇರಲಿಲ್ಲ, ಸಿಕ್ಕಲ್ಲಿ ಕೂರಬೇಕಿತ್ತು. ಬಿಳಿಯರನ್ನೂ ಕಪ್ಪು ಜನರನ್ನೂ ಬೇರೆ ಬೇರೆ ಕೂರಿಸುತ್ತಿದ್ದ ದಕ್ಷಿಣದಲ್ಲಿ ಅದು ಸಣ್ಣ ಧೈರ್ಯವಲ್ಲ.

ಶಾಲೆಯ ಹೊರಗಿನ ಸೇವೆಯೂ ಶಾಲೆಯ ಬಾಗಿಲಿನಿಂದಲೇ ಹೊರಟದ್ದು. ವಿದ್ಯಾರ್ಥಿನಿಯೊಬ್ಬಳಿಗೆ ಅಪೆಂಡಿಸೈಟಿಸ್ ಆದಾಗ ಬಿಳಿಯರ ಆಸ್ಪತ್ರೆ ಅವಳನ್ನು ಹಿಂಬದಿಯ ಜಗಲಿಯಲ್ಲಿ ಮಲಗಿಸಿತು. ಅದನ್ನು ಕಂಡ ಬೆಥೂನ್ 1911ರಲ್ಲಿ ಎರಡು ಹಾಸಿಗೆಯ ಆಸ್ಪತ್ರೆ ತೆರೆದರು. ಪೈನ್ ಮರದ ಅಂಟಿನಿಂದ ಟರ್ಪೆಂಟೈನ್ ಎಣ್ಣೆ ತೆಗೆಯುವ ಕಾಡಿನ ಕ್ಯಾಂಪುಗಳ ಕೂಲಿಕಾರರ ಮಕ್ಕಳಿಗೆ ಭಾನುವಾರದ ಪಾಠ ನಡೆಸಿದರು. 1920ರಲ್ಲಿ ಮಹಿಳೆಯರಿಗೆ ಮತದಾನದ ಹಕ್ಕು ಬಂದಾಗ, ಮತದಾರರಿಗೆ ಇಡುತ್ತಿದ್ದ ಓದು ಬರಹದ ಪರೀಕ್ಷೆಗೆ ಊರವರನ್ನು ರಾತ್ರಿ ತರಗತಿಗಳಲ್ಲಿ ತಯಾರು ಮಾಡಿದರು. ಚುನಾವಣೆಗೆ ಮುಂಚೆ ಕಪ್ಪು ಜನರ ಮೇಲೆ ಹಿಂಸೆ ನಡೆಸುತ್ತಿದ್ದ ಬಿಳಿಯರ ಸಂಘ ಕು ಕ್ಲಕ್ಸ್ ಕ್ಲಾನ್‌ನ ಮುಸುಕು ಹಾಕಿದ ಗುಂಪು ಶಾಲೆಯ ಆವರಣಕ್ಕೆ ಬಂದು ಬೆದರಿಸಿತು. ಬೆಥೂನ್ ಜಗ್ಗಲಿಲ್ಲ, ಮತದಾನದ ದಿನ ಜನರನ್ನು ಕರೆದುಕೊಂಡು ಹೋಗಿ ಸಾಲಿನಲ್ಲಿ ನಿಂತರು.

ಮುಂದಿನದು ರಾಷ್ಟ್ರಮಟ್ಟದ ಕೆಲಸ; ಪರೀಕ್ಷೆಯಲ್ಲಿ ಹೆಚ್ಚಾಗಿ ಕೇಳುವುದೂ ಇದನ್ನೇ. 1935ರಲ್ಲಿ ಕಪ್ಪು ಮಹಿಳೆಯರ ಸಂಘಗಳನ್ನು ಒಂದೇ ಮಂಡಳಿಯಡಿ ತಂದರು. 1936ರಿಂದ ಅಧ್ಯಕ್ಷ ರೂಸ್‌ವೆಲ್ಟ್ ಸರ್ಕಾರದ ಯುವಜನ ಇಲಾಖೆಯಲ್ಲಿ ಕಪ್ಪು ಯುವಕ ಯುವತಿಯರ ವಿಭಾಗವನ್ನು ನಡೆಸಿದರು. ಓದುತ್ತಲೇ ಅರೆಕಾಲಿಕ ಕೆಲಸ ಮಾಡಿ ಸಂಬಳ ಪಡೆಯುವ ಏರ್ಪಾಡು ಅದು; ಕಡುಬು ಮಾರಿ ಶಾಲೆ ನಡೆಸಿದವರಿಗೆ ಹೇಳಿ ಮಾಡಿಸಿದ ಹುದ್ದೆ.

1938ರ ಒಂದು ಘಟನೆ ಪಠ್ಯಗಳಲ್ಲಿ ಕಾಣುವುದಿಲ್ಲ, ನನಗೆ ಮಾತ್ರ ಬಹಳ ಇಷ್ಟ. ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಸಮ್ಮೇಳನ. ಅಧ್ಯಕ್ಷತೆ ವಹಿಸಿದ್ದ ಬಿಳಿಯ ಮಹಿಳೆ ಅವರನ್ನು ಬರಿಯ ‘ಮೇರಿ’ ಎಂದು ವೇದಿಕೆಗೆ ಕರೆದರು. ಅರವತ್ತು ದಾಟಿದ ಬೆಥೂನ್ ಎದ್ದು ನಿಂತು, ತನ್ನ ಹೆಸರು ಶ್ರೀಮತಿ ಬೆಥೂನ್ ಎಂದು ತಿದ್ದಿದರು. ಕಪ್ಪು ಜನರನ್ನು ಎಷ್ಟೇ ವಯಸ್ಸಾದರೂ ಬರಿಯ ಹೆಸರಿನಿಂದ ಕರೆಯುವುದು ಅಲ್ಲಿನ ರೂಢಿ. ಏಕವಚನ, ಬಹುವಚನಗಳ ನಡುವೆ ಎಷ್ಟು ಅಂತರವಿದೆಯೆಂದು ನಮಗೆ ಯಾರೂ ವಿವರಿಸಬೇಕಿಲ್ಲ. ಕೂಲಿಯ ಅಜ್ಜನನ್ನು ಹೋಗು ಬಾ ಎನ್ನುವ ಹುಡುಗರನ್ನು ನಾವೂ ಕಂಡಿದ್ದೇವೆ.

1945ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ವಿಶ್ವಸಂಸ್ಥೆಯ ಸನ್ನದು ರೂಪುಗೊಂಡಾಗ ಅಮೆರಿಕದ ನಿಯೋಗದ ಸಲಹೆಗಾರರಲ್ಲಿ ಅವರೂ ಇದ್ದರು. ಬಿಳಿ ಮತ್ತು ಕಪ್ಪು ಮಕ್ಕಳಿಗೆ ಬೇರೆ ಬೇರೆ ಶಾಲೆ ಸಂವಿಧಾನಬಾಹಿರ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1954ರ ಮೇ 17ರಂದು. ಬೆಥೂನ್ ತೀರಿಕೊಂಡದ್ದು 1955ರ ಮೇ 18ರಂದು, ತೀರ್ಪಿಗೆ ಒಂದು ವರ್ಷ ಒಂದು ದಿನವಾದಾಗ, ತಮ್ಮ 79ನೇ ವಯಸ್ಸಿನಲ್ಲಿ. ಮಣ್ಣು ಮಾಡಿದ್ದು ಕಾಲೇಜಿನ ಆವರಣದಲ್ಲಿ. 2022ರಲ್ಲಿ ಫ್ಲಾರಿಡಾ ರಾಜ್ಯದ ಪರವಾಗಿ ಅವರ ಅಮೃತಶಿಲೆಯ ಪ್ರತಿಮೆಯನ್ನು ವಾಷಿಂಗ್ಟನ್ನಿನ ಸಂಸತ್ ಭವನದಲ್ಲಿ ನಿಲ್ಲಿಸಿದರು. ಅದಕ್ಕೆ ಮೊದಲು ಫ್ಲಾರಿಡಾದ ಪರವಾಗಿ ಅಲ್ಲಿದ್ದ ಪ್ರತಿಮೆ, ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಯುದ್ಧಕ್ಕಿಳಿದ ದಕ್ಷಿಣದ ರಾಜ್ಯಗಳ ಕಡೆಯ ಒಬ್ಬ ಜನರಲ್‌ನದು.